ರವಿವರ್ಮನ ಪಟದ ಅಸಲು

ಚಿತ್ರಕಾರನೊಬ್ಬನ ಹೆಸರು ಅರಮನೆಯಿಂದ ಹೊರಟು ಹಳ್ಳಿಯ ಮನೆಯ ದೇವರ ಗೂಡಿನವರೆಗೆ ನಡೆದುಬಂದದ್ದು ನಮ್ಮ ಇತ್ತೀಚಿನ ಚರಿತ್ರೆಯಲ್ಲಿ ಬಹುಶಃ ಒಂದೇ ಸಲ. ನಮ್ಮ ಅಜ್ಜಿಯರ ಕಾಲದ ಹೆಂಗಸರಿಗೆ ಅಜಂತೆಯ ಸುದ್ದಿ ತಿಳಿದಿರಲಿಲ್ಲ; ರವಿವರ್ಮನ ಹೆಸರು ತಿಳಿದಿತ್ತು. ಚೆಲುವಾದ ಹುಡುಗಿಯನ್ನು ಕಂಡರೆ ರವಿವರ್ಮನ ಪಟದ ಹಾಗಿದ್ದಾಳೆ ಎನ್ನುವುದು ಮಾತಿನ ವಾಡಿಕೆಯೇ ಆಗಿತ್ತು. ರಾಜಮನೆತನಗಳ ನಂಟಿನಲ್ಲಿ ಹುಟ್ಟಿ ಬೆಳೆದ ಈ ದೊಡ್ಡ ಮನುಷ್ಯನನ್ನು ನಮ್ಮ ಮನೆಗಳಲ್ಲಿ ಯಾರೂ ಬಹುವಚನದಲ್ಲಿ ಕರೆದುದನ್ನು ನಾನು ಕೇಳಿಲ್ಲ. ದೇವರನ್ನೂ ಕವಿಯನ್ನೂ ಏಕವಚನದಲ್ಲಿ ಕರೆಯುವ ನಾಡಿನಲ್ಲಿ ಅದು ಅಗೌರವವಲ್ಲ. ನಾನೂ ಆ ವಾಡಿಕೆಯನ್ನೇ ಹಿಡಿಯುತ್ತೇನೆ.

ಈಗ ಆ ಪಟಗಳು ದೇವರ ಮನೆಯಿಂದಿಳಿದು ಬೇರೊಂದು ದಾರಿ ಹಿಡಿದಿವೆ. 2016ರಲ್ಲಿ ಮುಂಬಯಿಯ ಹರಾಜೊಂದರಲ್ಲಿ ಬೆಳದಿಂಗಳಲ್ಲಿ ಕುಳಿತ ರಾಧೆಯ ತೈಲಚಿತ್ರ 20 ಕೋಟಿ ರೂಪಾಯಿಗೂ ಮಿಕ್ಕ ಬೆಲೆಗೆ ಹೋಯಿತೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಮೇಲೆ, ಅಟ್ಟದ ಮೇಲೆ ಧೂಳು ಹಿಡಿದು ಕುಳಿತಿದ್ದ ಲಕ್ಷ್ಮೀ ಸರಸ್ವತಿಯರಿಗೆಲ್ಲ ಹೊಸ ಮರ್ಯಾದೆ ದೊರೆತಿದೆ. ಚಿತ್ರಕಲೆಯ ಚರಿತ್ರೆಯನ್ನು ಕೆಲವು ವರ್ಷ ಪಾಠ ಹೇಳಿದವನೆಂಬ ಕಾರಣದಿಂದ ಪರಿಚಿತರೂ ಅಪರಿಚಿತರೂ ಹಳೆಯ ಪಂಚೆಯಲ್ಲಿ ಪಟಗಳನ್ನು ಸುತ್ತಿಕೊಂಡು ನನ್ನ ಬಳಿಗೆ ತರುವುದುಂಟು. ಎಲ್ಲರದೂ ಎರಡೇ ಪ್ರಶ್ನೆ: ಇದು ಅಸಲೋ ನಕಲೋ, ಏನು ಬೆಲೆ ಬಾಳೀತು? ಎರಡನೆಯದಕ್ಕೆ ಪೇಟೆ ಉತ್ತರ ಹೇಳುತ್ತದೆ. ಮೊದಲನೆಯದಕ್ಕೆ ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡುವುದು ರವಿವರ್ಮನ ಮಟ್ಟಿಗೆ ಸಾಧ್ಯವಿಲ್ಲ. ಅದಕ್ಕೆ ಅವನ ಬಾಳನ್ನೇ ಹೇಳಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ಮೈಸೂರಿನ ಅಗ್ರಹಾರದ ಹಳೆಯ ಮನೆಯೊಂದು ಪಾಲಾಗುವ ಸಂದರ್ಭದಲ್ಲಿ ಅಣ್ಣತಮ್ಮಂದಿರಿಬ್ಬರು ಲಕ್ಷ್ಮಿಯ ಪಟವೊಂದನ್ನು ತಂದರು. ಪಾತ್ರೆ ಪಡಗ, ಬೀರು, ತೊಟ್ಟಿಲು ಎಲ್ಲವೂ ಜಗಳವಿಲ್ಲದೆ ಹಂಚಿಹೋಗಿದ್ದವು. ಆ ಪಟವೊಂದು ನಿಂತುಹೋಗಿತ್ತು. ಹಳೆಯ ಸಾಮಾನು ಕೊಳ್ಳುವ ಮಧ್ಯವರ್ತಿಯೊಬ್ಬನು ಅದರ ಕೆಳಮೂಲೆಯಲ್ಲಿದ್ದ ರುಜುವನ್ನು ತೋರಿಸಿ, ಇದು ರವಿವರ್ಮನು ಸ್ವಹಸ್ತದಿಂದ ರುಜು ಮಾಡಿದ ಪ್ರತಿ, ಹಲವು ಲಕ್ಷ ಬಾಳುತ್ತದೆ ಎಂದು ಹೇಳಿಹೋಗಿದ್ದನಂತೆ. ಅಂದಿನಿಂದ ಅಣ್ಣತಮ್ಮಂದಿರು ಮುಖ ಕೊಟ್ಟು ಮಾತನಾಡುವುದೇ ನಿಂತಿತ್ತು. ಅಜ್ಜಿ ಆ ಮನೆಗೆ ಸೊಸೆಯಾಗಿ ಬಂದ ಕಾಲದ ಪಟ ಅದು. ಲಕ್ಷ್ಮಿಯ ಸೀರೆಯ ಮೇಲೆ ಆಕೆ ರೇಷ್ಮೆಯ ಚೂರು ಅಂಟಿಸಿ, ಅಂಚಿಗೆ ಜರಿಯೆಳೆ ಓಡಿಸಿ, ಒಡವೆಗಳಿದ್ದೆಡೆ ಚಮಕಿ ಹೊಲಿದಿದ್ದಳು. ಆ ಕಾಲದ ಎಷ್ಟೋ ಮನೆಗಳಲ್ಲಿ ಹೆಂಗಸರು ಮಧ್ಯಾಹ್ನದ ಬಿಡುವಿನಲ್ಲಿ ಮಾಡುತ್ತಿದ್ದ ಕೆಲಸ ಅದು. ಆ ಸಂಜೆ ಅವರಿಬ್ಬರಿಗೆ ನಾನು ಹೇಳಿದ್ದು ಬಹುಮಟ್ಟಿಗೆ ಈ ಕೆಳಗಿನ ಕಥೆಯನ್ನೇ.

ರವಿವರ್ಮನು ತಿರುವಾಂಕೂರು ಸೀಮೆಯ ಕಿಳಿಮಾನೂರಿನಲ್ಲಿ 1848ನೆಯ ಏಪ್ರಿಲ್ 29ರಂದು ಹುಟ್ಟಿದನು. ತಂದೆ ಏಳುಮಾವಿಲ್ ನೀಲಕಂಠ ಭಟ್ಟತಿರಿಪಾಡರು ಸಂಸ್ಕೃತ ಬಲ್ಲವರು. ತಾಯಿ ಉಮಾಂಬಾ ಬಾಯಿ ಪದ್ಯರಚನೆ ಮಾಡುತ್ತಿದ್ದ ವಿದುಷಿ. ಪುರಾಣಶ್ರವಣ, ಕಥಕ್ಕಳಿ, ಸಂಗೀತ ಇವುಗಳ ನಡುವೆ ಹುಡುಗ ಬೆಳೆದನು. ಮನೆಯ ಗೋಡೆಗಳ ಮೇಲೆ ಇದ್ದಿಲಿನಲ್ಲಿ ಆನೆ, ಕುದುರೆ ಬರೆಯುತ್ತಿದ್ದ ಮಗುವನ್ನು ಗದರಿಸದೆ ಅದರ ಕೈಹಿಡಿದು ತಿದ್ದಿದವನು ಸೋದರಮಾವ ರಾಜರಾಜವರ್ಮ. ತಂಜಾವೂರು ಶೈಲಿಯಲ್ಲಿ ಸ್ವತಃ ಚಿತ್ರ ಬರೆಯುತ್ತಿದ್ದವನು. ಹದಿನಾಲ್ಕರ ವಯಸ್ಸಿನಲ್ಲಿ, 1862ರಲ್ಲಿ, ಹುಡುಗನನ್ನು ತಿರುವನಂತಪುರಕ್ಕೆ ಕರೆದೊಯ್ದು ಆಯಿಲ್ಯಂ ತಿರುನಾಳ್ ಮಹಾರಾಜರ ಆಶ್ರಯಕ್ಕೆ ಬಿಟ್ಟವನೂ ಈ ಮಾವನೇ.

ಮುಂದೆ ನಡೆದುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ತೈಲವರ್ಣದ ಕಲೆ ಆಗ ನಮ್ಮವರಿಗೆ ಹೊಸದು. ಯೂರೋಪಿನಿಂದ ಬಂದ ಆ ಬಣ್ಣಗಳನ್ನು ಎಣ್ಣೆಯಲ್ಲಿ ಹದಗೊಳಿಸುವ, ಪದರದ ಮೇಲೆ ಪದರವಾಗಿ ಹಚ್ಚುವ, ಒಣಗಲು ಬಿಡುವ ಕ್ರಮವನ್ನು ಅರಿತವರು ಬಹಳ ವಿರಳ. ಅರಿತವರು ಅದನ್ನು ಮಂತ್ರದಂತೆ ಗುಟ್ಟಾಗಿಟ್ಟುಕೊಂಡಿದ್ದರು. ಆಸ್ಥಾನದಲ್ಲಿದ್ದ ಮಧುರೆಯ ರಾಮಸ್ವಾಮಿ ನಾಯ್ಕರ್ ಅಂಥವರಲ್ಲೊಬ್ಬ. ಅರಮನೆಯ ನಂಟಿನ ಹುಡುಗ ನಾಳೆ ತನಗೆ ಪ್ರತಿಸ್ಪರ್ಧಿಯಾದಾನೆಂದು ಅವನು ಕಲಿಸಲು ಒಪ್ಪಲಿಲ್ಲ. ಅವನ ಶಿಷ್ಯನೊಬ್ಬನು ಗುರುವಿನ ಕಣ್ಣು ತಪ್ಪಿಸಿ ರಾತ್ರಿಯ ವೇಳೆ ಬಂದು ಒಂದಷ್ಟು ಹೇಳಿಕೊಡುತ್ತಿದ್ದನೆಂದು ಪ್ರತೀತಿ. 1868ರಲ್ಲಿ ಥಿಯೊಡೋರ್ ಜೆನ್ಸನ್ ಎಂಬ ಯೂರೋಪಿಯನ್ ಚಿತ್ರಕಾರನು ರಾಜದಂಪತಿಗಳ ಭಾವಚಿತ್ರ ಬರೆಯಲು ತಿರುವನಂತಪುರಕ್ಕೆ ಬಂದಾಗ, ಮಹಾರಾಜರೇ ಹೇಳಿದರೂ ಅವನೂ ಪಾಠ ಹೇಳಲಿಲ್ಲ. ತಾನು ಕೆಲಸ ಮಾಡುವಾಗ ಹುಡುಗ ನಿಂತು ನೋಡಬಹುದು ಎಂದಷ್ಟೇ ಒಪ್ಪಿದನು. ರವಿವರ್ಮನು ನೋಡಿದನು. ನೋಡಿದುದನ್ನು ಕೋಣೆಗೆ ಬಂದು ತನ್ನಷ್ಟಕ್ಕೆ ತಾನೇ ಮಾಡಿ, ಕೆಡಿಸಿ, ಮತ್ತೆ ಮಾಡಿದನು. ವಿದ್ಯೆಯ ಬಾಗಿಲು ಎರಡು ಬಾರಿ ಮುಖದ ಮೇಲೆ ಮುಚ್ಚಿಕೊಂಡುದನ್ನು ಕಂಡ ಯುವಕ ಅವನು. ತನ್ನ ಚಿತ್ರಗಳನ್ನು ಅವನು ಮುಂದೆ ಏನು ಮಾಡಿದನೆಂಬುದನ್ನು ನೋಡುವಾಗ ಈ ಸಂಗತಿ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ.

1870ರಲ್ಲಿ ಅವನು ನಮ್ಮ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ 41 ದಿನಗಳ ಭಜನೆ ಮಾಡಿದನೆಂದು ಅವನ ಚರಿತ್ರಕಾರರು ಬರೆಯುತ್ತಾರೆ. ಹಿಂದಿರುಗುವ ದಾರಿಯಲ್ಲಿ ಕಲ್ಲಿಕೋಟೆಯ ಗೃಹಸ್ಥರೊಬ್ಬರ ಕುಟುಂಬದ ಚಿತ್ರವನ್ನು ಹಣ ಪಡೆದು ಬರೆದುಕೊಟ್ಟನು. ಚಿತ್ರವೃತ್ತಿಯಿಂದ ಅವನಿಗೆ ದೊರೆತ ಮೊದಲ ಸಂಪಾದನೆ ಅದೆನ್ನುತ್ತಾರೆ. ಅರಸುಕುಲದ ನಂಟಿನವನು ಕೂಲಿಗೆ ಚಿತ್ರ ಬರೆಯುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. 1873ರಲ್ಲಿ ಮದರಾಸಿನ ಪ್ರದರ್ಶನದಲ್ಲಿ, ಮಲ್ಲಿಗೆಯಿಂದ ಮುಡಿ ಸಿಂಗರಿಸಿಕೊಳ್ಳುವ ನಾಯರ್ ಹೆಣ್ಣಿನ ಚಿತ್ರಕ್ಕೆ ಗವರ್ನರರ ಚಿನ್ನದ ಪದಕ ಬಂದಿತು. ಅದೇ ವರ್ಷ ವಿಯೆನ್ನಾದಲ್ಲೂ ಬಹುಮಾನ ದೊರೆಯಿತು. 1876ರಲ್ಲಿ ಕಮಲಪತ್ರದ ಮೇಲೆ ಪ್ರೇಮಪತ್ರ ಬರೆಯುವ ಶಕುಂತಲೆಯನ್ನು ಮದರಾಸಿನ ಗವರ್ನರರಾಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕ್ ಕೊಂಡುಕೊಂಡರು. ಶಾಕುಂತಲವನ್ನು ಇಂಗ್ಲಿಷಿಗೆ ತಂದ ಮೋನಿಯರ್ ವಿಲಿಯಮ್ಸ್ ಪಂಡಿತನು ತನ್ನ ಪುಸ್ತಕದ ಮುಂದಿನ ಆವೃತ್ತಿಗೆ ಆ ಚಿತ್ರವನ್ನೇ ಮುಖಚಿತ್ರವಾಗಿ ಹಾಕಿಸಿದನು. ಅವನ ಚಿತ್ರ ಅಚ್ಚಿನ ಮೂಲಕ ದೂರದ ಓದುಗರನ್ನು ಮುಟ್ಟಿದ್ದಕ್ಕೆ ಇದೊಂದು ಹಳೆಯ ನಿದರ್ಶನ.

1880ರಲ್ಲಿ ಆಶ್ರಯದಾತ ಮಹಾರಾಜರು ತೀರಿಕೊಂಡಮೇಲೆ ಹೊಸ ಅರಸರೊಡನೆ ರವಿವರ್ಮನಿಗೆ ಹೊಂದಲಿಲ್ಲ. ಅವನು ಊರು ಬಿಟ್ಟನು. ಬಿಟ್ಟದ್ದು ದೇಶಕ್ಕೆ ಒಳ್ಳೆಯದೇ ಆಯಿತು. ತಿರುವಾಂಕೂರಿನಲ್ಲಿ ಹಿಂದೆ ದಿವಾನರಾಗಿದ್ದ ಸರ್ ಟಿ. ಮಾಧವರಾಯರು ಆಗ ಬರೋಡೆಯ ಆಡಳಿತ ನೋಡುತ್ತಿದ್ದರು. ಅವರ ಮೂಲಕ ತರುಣ ಗಾಯಕವಾಡ ಸಯಾಜಿರಾಯರ ಆಶ್ರಯ ದೊರೆಯಿತು. 1885ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಕರೆಯ ಮೇಲೆ ಮೈಸೂರಿಗೂ ಬಂದು ರಾಜಮನೆತನದವರ ಚಿತ್ರಗಳನ್ನು ಬರೆದನು. ಈ ಮಾಧವರಾಯರೇ ಅವನಿಗೊಂದು ಸಲಹೆ ಕೊಟ್ಟರು. ಚಿತ್ರಗಳಿಗೆ ಎಲ್ಲೆಲ್ಲೂ ಬೇಡಿಕೆಯಿದೆ, ಎರಡು ಕೈಗಳಿಂದ ಅದನ್ನು ಪೂರೈಸಲಾಗದು, ಆಯ್ದ ಕೆಲವು ಚಿತ್ರಗಳನ್ನು ಯೂರೋಪಿಗೆ ಕಳುಹಿಸಿ ಬಣ್ಣದ ಅಚ್ಚು ಹಾಕಿಸಿದರೆ ಹೆಸರೂ ಹರಡೀತು, ದೇಶಸೇವೆಯೂ ಆದೀತು ಎಂಬುದು ಆ ಸಲಹೆಯ ತಾತ್ಪರ್ಯ. ರವಿವರ್ಮನು ಹತ್ತು ವರ್ಷ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನು.

ಅದು ಗಟ್ಟಿಯಾದದ್ದು ಬರೋಡೆಯ ಕೆಲಸದಿಂದೆಂದು ನನ್ನ ಎಣಿಕೆ. 1888ರಲ್ಲಿ ಲಕ್ಷ್ಮೀವಿಲಾಸ ಅರಮನೆಗಾಗಿ ರಾಮಾಯಣ ಮಹಾಭಾರತಗಳ ಹದಿನಾಲ್ಕು ಚಿತ್ರಗಳನ್ನು ಬರೆಯಲು 50,000 ರೂಪಾಯಿಗೆ ಒಪ್ಪಂದವಾಯಿತು. ದಮಯಂತಿ ದ್ರೌಪದಿಯರು ಯಾವ ಸೀಮೆಯ ಉಡುಗೆ ಉಡಬೇಕೆಂದು ನೋಡಿಕೊಳ್ಳಲು ಅವನು ತಮ್ಮನೊಡನೆ ಉತ್ತರ ದೇಶವನ್ನೆಲ್ಲ ಸುತ್ತಿದನು. ಮಹಾರಾಷ್ಟ್ರದ ಸೀರೆ ದೇವಿಯರಿಗೆ ಬಂದದ್ದು ಹೀಗೆ. ಇಂದು ಸರಸ್ವತಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಉಡುಗೆ ಯಾವ ಆಗಮಶಾಸ್ತ್ರದಲ್ಲೂ ಇಲ್ಲದ್ದು. ರವಿವರ್ಮನ ಪ್ರಯಾಣದ ಫಲ ಅದು. ಚಿತ್ರಗಳು ಬರೋಡೆ ಸೇರುವ ಮುನ್ನ ತಿರುವನಂತಪುರದಲ್ಲೂ ಮುಂಬಯಿಯಲ್ಲೂ ಜನರ ಮುಂದಿಡಲ್ಪಟ್ಟವು. ಜನ ಮುಗಿಬಿದ್ದು ನೋಡಿದರು. ಛಾಯಾಚಿತ್ರದ ಪ್ರತಿಗಳನ್ನು ಕೊಂಡೊಯ್ದರು. ಆಮೇಲೆ ಚಿತ್ರಗಳು ಅರಮನೆಯ ಒಳಗೆ ಹೋದವು. ನೋಡಿದ ಜನ ಹೊರಗೇ ಉಳಿದರು. 1893ರಲ್ಲಿ ಚಿಕಾಗೋ ಮಹಾಪ್ರದರ್ಶನಕ್ಕೆ ಹತ್ತು ಚಿತ್ರಗಳನ್ನು ಕಳುಹಿಸಿ ಪದಕ ಪಡೆದುದು ಇದರ ಬೆನ್ನಿಗೆ ಬಂದ ಗೌರವ. ಅದಾದ ಮರುವರ್ಷ, 1894ರಲ್ಲಿ, ಮುಂಬಯಿಯ ಗಿರಗಾಂವದಲ್ಲಿ ಗೋವರ್ಧನದಾಸ ಖಟಾವು ಮಕನ್‌ಜಿ ಎಂಬ ವ್ಯಾಪಾರಿಯ ಪಾಲುದಾರಿಕೆಯಲ್ಲಿ ರವಿವರ್ಮನು ಸ್ವಂತ ಅಚ್ಚುಕೂಟವನ್ನು ತೆರೆದನು. ಯಂತ್ರಗಳು ಜರ್ಮನಿಯವು, ಕೆಲಸ ಬಲ್ಲ ಕುಶಲಿಗಳೂ ಅಲ್ಲಿಂದಲೇ ಬಂದರು. ಮೊದಲು ಹೊರಬಂದ ಅಚ್ಚು ಶಕುಂತಲೆಯ ಜನನ: ಮೇನಕೆ ಕೂಸನ್ನು ಮುಂದೊಡ್ಡಿದ್ದಾಳೆ, ವಿಶ್ವಾಮಿತ್ರ ಕೈಯೆತ್ತಿ ಮುಖ ತಿರುಗಿಸಿದ್ದಾನೆ.

ಅಸಲು ನಕಲಿನ ತಕರಾರೆಲ್ಲ ಇರುವುದು ಈ ಅಚ್ಚಿನ ಕೆಲಸದ ಕ್ರಮದಲ್ಲಿ. ಇದು ಕಲ್ಲಚ್ಚು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಸೆನೆಫೆಲ್ಡರ್ ಕಂಡುಹಿಡಿದ ವಿದ್ಯೆ. ಎಣ್ಣೆಯೂ ನೀರೂ ಕೂಡುವುದಿಲ್ಲವೆಂಬ ಸಾಮಾನ್ಯ ಸಂಗತಿಯೇ ಇದರ ಬುನಾದಿ. ಬವೇರಿಯದಲ್ಲಿ ಸಿಗುವ ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆದು, ಕಲ್ಲನ್ನು ನೀರಿನಿಂದ ತೋಯಿಸಿ ಬಣ್ಣದ ಉರುಳೆ ಹಾಯಿಸಿದರೆ, ಬರೆದ ಕಡೆ ಮಾತ್ರ ಬಣ್ಣ ಹಿಡಿಯುತ್ತದೆ. ಒಂದು ಕಲ್ಲು ಒಂದೇ ಬಣ್ಣ ಕೊಡುತ್ತದೆ. ಲಕ್ಷ್ಮಿಯ ಮುಖದಲ್ಲಿ ಕಾಣುವ ನಸುಗೆಂಪಿಗೊಂದು, ನೆರಳಿಗೊಂದು, ಸೀರೆಯ ಕೆಂಪಿಗೊಂದು, ನೀರಿನ ನೀಲಿಗೊಂದು, ಹೀಗೆ ಹಲವು ಕಲ್ಲುಗಳು ಬೇಕು. ಅದೇ ಹಾಳೆ ಕಲ್ಲಿನಿಂದ ಕಲ್ಲಿಗೆ ಹೋಗಿ ಪ್ರತಿ ಸಲವೂ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕೂಡಬೇಕು. ಕೊನೆಗೆ ಮೆರುಗೆಣ್ಣೆ ಹಚ್ಚಿ, ಕೆಲವಕ್ಕೆ ಬಟ್ಟೆಯ ನೇಯ್ಗೆಯಂಥ ಉಬ್ಬು ಒತ್ತಿದರೆ ತೈಲಚಿತ್ರದ ಭ್ರಮೆ ಹುಟ್ಟುತ್ತದೆ. ಇದಕ್ಕೇ ಓಲಿಯೋಗ್ರಾಫ್ ಎಂದು ಹೆಸರು.

ಇಷ್ಟರಲ್ಲಿ ರವಿವರ್ಮನ ಕೈ ಎಲ್ಲಿದೆ? ಮೂಲ ತೈಲಚಿತ್ರದಲ್ಲಿದೆ. ಆ ಚಿತ್ರವನ್ನು ಮುಂದಿಟ್ಟುಕೊಂಡು ಬಣ್ಣಗಳನ್ನು ಬಿಡಿಸಿ, ಕಲ್ಲುಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಮತ್ತೆ ಬರೆದವರು ಅಚ್ಚುಕೂಟದ ಕುಶಲಿಗಳು. ರೆಂಬ್ರಾಂಟನು ತಾಮ್ರದ ತಗಡಿನ ಮೇಲೆ ತಾನೇ ಗೀರಿ ತೆಗೆದ ಅಚ್ಚಿಗೂ ಇದಕ್ಕೂ ಇರುವ ವ್ಯತ್ಯಾಸ ಅದು. ಕೆಳಮೂಲೆಯ ರುಜುವೂ ಚಿತ್ರದ ಉಳಿದ ಭಾಗದಂತೆ ಕಲ್ಲಿನಿಂದ ಬಂದದ್ದೇ. ಭೂತಗನ್ನಡಿ ಹಿಡಿದು ನೋಡಿದರೆ ಅದು ಲೇಖನಿಯ ಗೆರೆಯಲ್ಲ, ಅಚ್ಚಿನ ಮಸಿ ಎಂಬುದು ಯಾರಿಗಾದರೂ ಕಾಣುತ್ತದೆ. ಸ್ವಹಸ್ತದ ರುಜು ಎಂದು ಬೆಲೆ ಏರಿಸುವವರು ಈ ಒಂದು ಕನ್ನಡಿಗೆ ಹೆದರಬೇಕು. ಈಚಿನ ಚಿತ್ರಕಾರರು ಅಚ್ಚುಗಳ ಅಂಚಿನಲ್ಲಿ ಸೀಸದಕಡ್ಡಿಯಿಂದ ನೂರರಲ್ಲಿ ಇಷ್ಟನೆಯದು ಎಂದು ಸಂಖ್ಯೆ ಹಾಕುವ ಪದ್ಧತಿಯಿದೆಯಷ್ಟೆ. ಮನೆಮನೆಗೂ ಮುಟ್ಟಲೆಂದೇ ಹೊರಟ ಈ ಪಟಗಳಿಗೂ ಆ ಪದ್ಧತಿಗೂ ಸಂಬಂಧವಿಲ್ಲ. ರವಿವರ್ಮನ ಪಟದ ಮೇಲೆ ಅಂಥ ಸಂಖ್ಯೆ ಕಂಡರೆ ಸಂಶಯವೇ ಹೆಚ್ಚಬೇಕು.

ಕನ್ನಡಿ ಇನ್ನೊಂದನ್ನೂ ಹೇಳುತ್ತದೆ. ಕೈಯಿಂದ ಕಲ್ಲಿನ ಮೇಲೆ ಇಟ್ಟ ಚುಕ್ಕೆಗಳು ಮಳೆಹನಿ ಬಿದ್ದಂತೆ ಅಸ್ತವ್ಯಸ್ತವಾಗಿರುತ್ತವೆ. ಇಂದಿನ ಯಂತ್ರದ ಅಚ್ಚಿನಲ್ಲಿ ಚುಕ್ಕೆಗಳು ಸಾಲು ಹಿಡಿದು ಲೆಕ್ಕವಾಗಿ ಕೂತಿರುತ್ತವೆ. ಹಳೆಯ ಕಟ್ಟು, ಹೊಗೆ ಹಿಡಿದ ಗಾಜು, ಒಳಗೆ ಹೊಸ ಅಚ್ಚು: ಇಂಥ ಪಟಗಳು ನನ್ನ ಮುಂದೆ ಹಲವು ಬಂದಿವೆ. ಕಟ್ಟಿನ ವಯಸ್ಸು ಚಿತ್ರದ ವಯಸ್ಸಲ್ಲ.

ಇನ್ನು ಉಳಿದದ್ದು ಚಿತ್ರದ ಕೆಳಗಿನ ಬಿಳಿಯ ಅಂಚಿನಲ್ಲಿರುವ ಸಣ್ಣ ಅಕ್ಷರಗಳು. ಅಚ್ಚುಕೂಟದ ಹೆಸರು, ಊರು, ಚಿತ್ರದ ಹೆಸರು ಅಲ್ಲಿರುತ್ತವೆ. ಪಟದ ಕಾಲವನ್ನು ಹೇಳುವ ಮುಖ್ಯ ಸಾಕ್ಷಿ ಅದೇ. ಆದರೆ ಕಟ್ಟು ಹಾಕುವವನಿಗೆ ಬಿಳಿಯ ಅಂಚು ವ್ಯರ್ಥ ಕಾಗದವಾಗಿ ಕಂಡಿತು. ಕಟ್ಟಿನ ಅಳತೆಗೆ ಸರಿಯಾಗಿ ಕತ್ತರಿಸಿ ಎಸೆದನು. ಸಾವಿರಾರು ಪಟಗಳು ಹೀಗೆ ತಮ್ಮ ಜನ್ಮಪತ್ರಿಕೆಯನ್ನು ಕಳೆದುಕೊಂಡಿವೆ.

ಆ ಅಕ್ಷರಗಳಲ್ಲಿ ಊರಿನ ಹೆಸರಿಗೆ ಏಕೆ ಅಷ್ಟು ಬೆಲೆ ಎಂದರೆ ಅಲ್ಲೊಂದು ದುಃಖದ ಕಥೆಯಿದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಡಿಯಿತು. ಜನ ಊರು ಬಿಟ್ಟು ಓಡಿದರು, ಕೆಲಸಗಾರರು ಸಿಗದಾದರು. ಅಚ್ಚುಕೂಟ ಘಾಟಕೋಪರಕ್ಕೂ, 1899ರಲ್ಲಿ ಲೋಣಾವಳದ ಬಳಿಯ ಮಳವಲಿಗೂ ಹೋಯಿತು. ಇದು ನಮ್ಮ ಮಂಡ್ಯದ ಮಳವಳ್ಳಿಯಲ್ಲ. ಕಾರ್ಲೆಯ ಬೌದ್ಧ ಗುಹೆಗಳ ತಪ್ಪಲಿನಲ್ಲಿರುವ ಊರು. ಆದ್ದರಿಂದ ಅಂಚಿನಲ್ಲಿ ಕಾರ್ಲಾ ಲೋಣಾವಳ ಎಂದಿರುವ ಪಟ 1894ರದಾಗಿರಲು ಸಾಧ್ಯವಿಲ್ಲ. ವ್ಯಾಪಾರ ಬಲ್ಲ ಪಾಲುದಾರ ಹೊರಬಿದ್ದನು. ಸಾಲ ಬೆಳೆಯಿತು. ಅಣ್ಣ ಊರೂರು ತಿರುಗಿ ಭಾವಚಿತ್ರ ಬರೆದು ಗಳಿಸಿದುದನ್ನು ಅಚ್ಚುಕೂಟ ನುಂಗುತ್ತಿತ್ತು, ತಮ್ಮ ಸಿ. ರಾಜರಾಜವರ್ಮನು ಬರೆದಿಟ್ಟ ದಿನಚರಿ 2005ರಲ್ಲಿ ಅಚ್ಚಾಗಿದ್ದು, ಅದರಲ್ಲಿ ಈ ಚಿಂತೆಯ ನೆರಳು ಮತ್ತೆ ಮತ್ತೆ ಬೀಳುತ್ತದೆ. ಕಡೆಗೆ ಹೊಸ ಶತಮಾನದ ಆರಂಭದ ವರ್ಷಗಳಲ್ಲಿ ಅಚ್ಚುಕೂಟವನ್ನು ಅಲ್ಲೇ ಕೆಲಸಕ್ಕಿದ್ದ ಫ್ರಿಟ್ಸ್ ಶ್ಲೈಶರ್ ಎಂಬ ಜರ್ಮನನಿಗೆ 25,000 ರೂಪಾಯಿಗೆ ಮಾರಬೇಕಾಯಿತು. ಯಂತ್ರ ಕಲ್ಲುಗಳಷ್ಟೇ ಅಲ್ಲ, ಎಂಬತ್ತಕ್ಕೂ ಹೆಚ್ಚು ಚಿತ್ರಗಳನ್ನು ಅಚ್ಚು ಹಾಕುವ ಹಕ್ಕೂ ಅದರೊಡನೆ ಹೋಯಿತು. ಹದಿನಾಲ್ಕು ಚಿತ್ರಗಳಿಗೆ ಬರೋಡೆಯ ಅರಸರು ಕೊಟ್ಟ ಹಣದ ಅರ್ಧ ಇದು.

ಶ್ಲೈಶರ್ ವ್ಯವಹಾರ ಬಲ್ಲವನು. ಅವನ ಕೈಯಲ್ಲಿ ಅಚ್ಚುಕೂಟ ಚಿಗುರಿತು. ದೇವರ ಪಟಗಳ ಜೊತೆಗೆ ಪಂಚಾಂಗ, ಜಾಹೀರಾತು, ಸರಕಿನ ಚೀಟಿಗಳೂ ಅಲ್ಲಿ ಅಚ್ಚಾದವು. ರವಿವರ್ಮನು ಎಂದೂ ಬರೆಯದ ಚಿತ್ರಗಳೂ ಅವನ ಹೆಸರಿನ ಅಚ್ಚುಕೂಟದಿಂದ ಹೊರಬಂದವು. ಮುಂದೆ ರಾಜಾ ಹರಿಶ್ಚಂದ್ರ ಚಲಚ್ಚಿತ್ರವನ್ನು 1913ರಲ್ಲಿ ತೆರೆಗೆ ತಂದ ದಾದಾಸಾಹೇಬ ಫಾಲ್ಕೆಯವರು ಕೆಲಕಾಲ ಇಲ್ಲಿಗಾಗಿ ಕೆಲಸ ಮಾಡಿದವರು. ಪೇಟೆಯಲ್ಲಿ ಬೇರೆ ಅಚ್ಚುಕೂಟಗಳು ರವಿ ಎಂಬ ಎರಡಕ್ಷರವನ್ನು ತಮ್ಮ ಹೆಸರಿನ ಮುಂದಿಟ್ಟುಕೊಂಡು ಅದೇ ಲಕ್ಷ್ಮಿಯನ್ನು ಸ್ವಲ್ಪ ತಿರುಗಿಸಿ ಮಾರಿದವು. ಹೀಗಾಗಿ ಅಸಲು ಎಂಬ ಮಾತಿಗೆ ಮೆಟ್ಟಿಲುಗಳಿವೆ. ರವಿವರ್ಮನೇ ಒಡೆಯನಾಗಿ, ಹಾಳೆಯನ್ನು ಕೈಗೆತ್ತಿ ನೋಡಬಹುದಾಗಿದ್ದ ಸುಮಾರು ಏಳೆಂಟು ವರ್ಷಗಳ ಅಚ್ಚು ಒಂದು. ಅದೇ ಕಲ್ಲುಗಳಿಂದ ಇನ್ನೊಬ್ಬನ ಒಡೆತನದಲ್ಲಿ ಬಂದ ಅಚ್ಚು ಒಂದು. ಬೇರೆಯವರು ನೋಡಿ ಮಾಡಿದ್ದು ಮತ್ತೊಂದು. ಬೆಲೆ ಕಟ್ಟುವವರು ಈ ಮೆಟ್ಟಿಲನ್ನೂ, ಬಣ್ಣ ಮಾಸದಿರುವುದನ್ನೂ, ಅಂಚು ಉಳಿದಿರುವುದನ್ನೂ ನೋಡುತ್ತಾರೆ. ಬೆಂಗಳೂರಿನಲ್ಲಿ ರವಿವರ್ಮನ ಹೆಸರಿನಲ್ಲೇ ಒಂದು ಪ್ರತಿಷ್ಠಾನ ಏರ್ಪಟ್ಟು ಈ ಬಗೆಯ ಅಭ್ಯಾಸಕ್ಕೆ ನಮ್ಮ ನಾಡಿನಲ್ಲೇ ಅನುಕೂಲವಾಗಿದೆ.

ಅಗ್ರಹಾರದ ಪಟದ ಕಟ್ಟನ್ನು ಅಣ್ಣತಮ್ಮಂದಿರ ಎದುರಿಗೇ ಬಿಚ್ಚಿಸಿದೆ. ಅಂಚು ಪುಣ್ಯಕ್ಕೆ ಉಳಿದು, ಕಟ್ಟಿನ ಒಳಗೆ ಮಡಿಸಿಕೊಂಡಿತ್ತು. ಕಾರ್ಲಾ ಲೋಣಾವಳದ ಅಚ್ಚು, ಕಲ್ಲಚ್ಚೇ ಹೌದು, ಅಜ್ಜಿಯ ಮದುವೆಯ ವರ್ಷವನ್ನು ಲೆಕ್ಕ ಹಾಕಿದರೆ ಶ್ಲೈಶರನ ಕಾಲದ್ದು. ಮಧ್ಯವರ್ತಿ ಹೇಳಿದ ಲಕ್ಷಗಳ ಹತ್ತಿರಕ್ಕೂ ಬರುವಂಥದಲ್ಲ. ರುಜುವಿನ ಮೇಲೆ ಕನ್ನಡಿ ಇಟ್ಟು ತೋರಿಸಿದಾಗ ಅಣ್ಣನ ಮುಖ ಸಣ್ಣದಾಯಿತು. ಆದರೆ ಇನ್ನೊಂದು ಮಾತನ್ನೂ ಹೇಳುವುದು ನ್ಯಾಯವಾಗಿತ್ತು. ಈಚೆಗೆ ಸಂಗ್ರಾಹಕರು ಚಮಕಿ ಜರಿಗಳಿಂದ ಅಲಂಕರಿಸಿದ ಪಟಗಳನ್ನು ಹುಡುಕಿ ಕೊಳ್ಳುತ್ತಾರೆ. ಒಂದರಂತೆ ಇನ್ನೊಂದಿರುವುದಿಲ್ಲವೆಂಬುದೇ ಕಾರಣ. ಆ ಪಟದ ಮೇಲೆ ಕಲ್ಲು ಯಂತ್ರಗಳ ಹಂಗಿಲ್ಲದೆ ಮನುಷ್ಯರ ಕೈ ನೇರವಾಗಿ ಮಾಡಿದ ಕೆಲಸವೆಂದರೆ ಅಜ್ಜಿಯ ಹೊಲಿಗೆ ಮಾತ್ರ. ತಮ್ಮನು ಬಹಳ ಹೊತ್ತು ಆ ಚಮಕಿಗಳನ್ನು ನೋಡುತ್ತ ಕುಳಿತಿದ್ದನು. ಪಟ ಮಾರಾಟವಾಗಲಿಲ್ಲ. ಅಣ್ಣನ ಮನೆಯಲ್ಲಿದೆ, ವರಮಹಾಲಕ್ಷ್ಮಿಯ ಹಬ್ಬಕ್ಕೆ ತಮ್ಮನ ಮನೆಗೆ ಹೋಗಿಬರುತ್ತದೆಂದು ಕೇಳಿದ್ದೇನೆ.

ತೈಲಚಿತ್ರಗಳಾದರೂ ಒಂದೇ ಕೈಯವೇ ಎಂದು ಕೇಳಿದರೆ ಅಲ್ಲಿಯೂ ಸಂಗತಿ ಅಷ್ಟು ಸರಳವಲ್ಲ. 1860ರಲ್ಲಿ ಹುಟ್ಟಿದ ತಮ್ಮ ರಾಜರಾಜವರ್ಮನು ಸ್ವತಃ ಒಳ್ಳೆಯ ಚಿತ್ರಕಾರ, ಅದರಲ್ಲೂ ಭೂದೃಶ್ಯಗಳಲ್ಲಿ ನುರಿತವನು. ಅಣ್ಣನ ಚಿತ್ರಗಳಲ್ಲಿ ಹಿಂದಣ ಮರ, ಮೋಡ, ನೀರುಗಳಿಗೆ ಅವನ ಕೈ ಸೇರುತ್ತಿತ್ತು. ಇಬ್ಬರೂ ಒಂದೇ ಕೋಣೆಯಲ್ಲಿ ಕೆಲಸ ಮಾಡಿ, ಒಟ್ಟಿಗೆ ಪ್ರಯಾಣ ಮಾಡಿ, ಒಟ್ಟಿಗೆ ಸಾಲ ಹೊತ್ತವರು. ಅಣ್ಣನ ಹೆಸರು ದೊಡ್ಡದಾದಷ್ಟೂ ತಮ್ಮನ ಹೆಸರು ಅದರಲ್ಲಿ ಕರಗಿತು. ಅವನಿಗೆ ಅದರ ಬಗ್ಗೆ ಬೇಸರವಿದ್ದಂತೆ ದಿನಚರಿಯಲ್ಲಿ ನನಗೆ ಕಾಣಲಿಲ್ಲ.

ವಿದ್ವಾಂಸರ ಲೋಕ ರವಿವರ್ಮನಿಗೆ ಅಷ್ಟು ಉದಾರವಾಗಿರಲಿಲ್ಲ. ಅವನ ಕೊನೆಯ ದಿನಗಳಲ್ಲಿಯೂ ಮರಣಾನಂತರವೂ ಆನಂದ ಕುಮಾರಸ್ವಾಮಿ, ಸೋದರಿ ನಿವೇದಿತಾ ಮೊದಲಾದವರು ಈ ದೇವತೆಗಳಲ್ಲಿ ದೈವತ್ವವಿಲ್ಲ, ನಾಟಕದ ವೇಷಧಾರಿಗಳಿದ್ದಾರೆ ಎಂಬರ್ಥದ ಟೀಕೆ ಮಾಡಿದರು. ಅವನೀಂದ್ರನಾಥ ಠಾಕೂರರ ಬಂಗಾಳಿ ಪಂಥ ತಲೆಯೆತ್ತಿದ ಕಾಲ. ನಮ್ಮ ಕೆ. ವೆಂಕಟಪ್ಪನವರೂ ಮೈಸೂರು ಅರಸರ ನೆರವಿನಿಂದ ಅದೇ ಕಲ್ಕತ್ತೆಗೆ ಹೋಗಿ ಕಲಿತರು. ಟೀಕೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ರವಿವರ್ಮನ ಎಷ್ಟೋ ಪುರಾಣಚಿತ್ರಗಳಲ್ಲಿ ರಂಗಭೂಮಿಯ ದೀಪ ಉರಿಯುತ್ತಿರುತ್ತದೆ. ಆದರೆ ಟೀಕಿಸಿದವರು ಅನೇಕ ವೇಳೆ ತೂಗಿದ್ದು ಪೇಟೆಯ ಪಟಗಳನ್ನು. ಮಲ್ಲಿಗೆ ಮುಡಿಯುವ ನಾಯರ್ ಹೆಣ್ಣಿನ ಎದುರು, ಚರ್ಮದ ಮೇಲಿನ ಆ ತಂಪು ಬೆಳಕಿನ ಎದುರು ನಿಂತು ಆಡಬೇಕಾದ ಮಾತು ಬೇರೆ ಎಂದು ನನ್ನ ಅಭಿಪ್ರಾಯ. ಮೂರನೆಯ ಮೆಟ್ಟಿಲಿನ ಅಚ್ಚಿನಿಂದ ಮೊದಲನೆಯವನ ಕೈಯನ್ನು ಅಳೆಯುವುದು ಬೆಲೆ ಕಟ್ಟುವವನೂ ಮಾಡದ ಕೆಲಸ.

ಮೈಸೂರಿಗೂ ಅವನಿಗೂ ಇದ್ದ ನಂಟು ಕೊನೆಯವರೆಗೂ ಉಳಿಯಿತು. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟು, ಹೊಸ ಅರಮನೆ ಏಳುತ್ತಿದ್ದ ಕಾಲ. ನಾಲ್ವಡಿ ಕೃಷ್ಣರಾಜ ಒಡೆಯರು 1904ರ ಸುಮಾರಿಗೆ ಪುರಾಣವಸ್ತುವಿನ ಚಿತ್ರಮಾಲೆಯೊಂದನ್ನು ಬರೆಯಲು ಅವನಿಗೆ ಒಪ್ಪಿಸಿದರು. ಆ ಚಿತ್ರಗಳನ್ನು ಇಂದು ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಕಾಣಬಹುದು. ಅಲ್ಲಿಗೆ ಹೋಗುವ ವಿದ್ಯಾರ್ಥಿಗಳಿಗೆ ಒಂದು ಮಾತು. ಕೈಯಲ್ಲಿ ದೀಪ ಹಿಡಿದು, ಬೆರಳ ಸಂದಿನಿಂದ ಬೆಳಕು ಸೋಸುತ್ತ ನಿಂತ ಹೆಣ್ಣಿನ ಚಿತ್ರದ ಮುಂದೆ ಜನ ಸಾಲುಗಟ್ಟಿ ನಿಂತು ರವಿವರ್ಮನನ್ನು ಹೊಗಳುತ್ತಾರೆ. ಅದು ರವಿವರ್ಮನದಲ್ಲ, ತೈಲಚಿತ್ರವೂ ಅಲ್ಲ. ಅವನು ತೀರಿಕೊಂಡು ಸುಮಾರು ನಾಲ್ಕು ದಶಕಗಳಾದ ಮೇಲೆ ಸಾವಂತವಾಡಿಯ ಎಸ್. ಎಲ್. ಹಲ್ದಣಕರರು ತಮ್ಮ ಮಗಳನ್ನೇ ನಿಲ್ಲಿಸಿ ಬರೆದ ಜಲವರ್ಣ ಅದು. ಅಂಗಡಿಯಲ್ಲಿ ಅದರ ಅಚ್ಚಿನ ಮೇಲೆ ರವಿವರ್ಮನ ಹೆಸರು ಹಾಕಿ ಮಾರುವುದನ್ನೂ ನಾನು ಕಂಡಿದ್ದೇನೆ. ಹಲ್ದಣಕರರಿಗೆ ಇದರಿಂದ ಆಗುವ ಅನ್ಯಾಯವನ್ನು ಯಾರೂ ನೆನೆಯುವುದಿಲ್ಲ.

ಮೈಸೂರಿನ ಆ ಚಿತ್ರಗಳು ಮುಗಿಯುವ ಮುನ್ನ, 1905ರ ಆರಂಭದಲ್ಲಿ, ತಮ್ಮ ರಾಜರಾಜವರ್ಮನು ತೀರಿಕೊಂಡನು. ಕೈಸರ್ ಇ ಹಿಂದ್ ಚಿನ್ನದ ಪದಕ ಬಂದದ್ದು ಅದರ ಹಿಂದಿನ ವರ್ಷ. ಆ ಸಂತೋಷ ಬಹಳ ದಿನ ನಿಲ್ಲಲಿಲ್ಲ. ನಾಲ್ಕು ಕೈಗಳಿಂದ ಆಗುತ್ತಿದ್ದ ಕೆಲಸವನ್ನು ರವಿವರ್ಮನು ಮಗ ರಾಮವರ್ಮನ ನೆರವಿನಿಂದ ಮುಂದುವರಿಸಿದನು. ಸಿಹಿಮೂತ್ರದ ಕಾಯಿಲೆ ಅವನನ್ನು ಒಳಗೇ ತಿನ್ನುತ್ತಿತ್ತು. ಕೆಲಸ ಒಪ್ಪಿಸಿ ಊರಿಗೆ ಹಿಂದಿರುಗಿದವನು 1906ನೆಯ ಅಕ್ಟೋಬರ್ 2ರಂದು, 58ನೆಯ ವಯಸ್ಸಿನಲ್ಲಿ, ಹುಟ್ಟಿದ ಕಿಳಿಮಾನೂರಿನಲ್ಲೇ ಕಣ್ಣು ಮುಚ್ಚಿದನು.

ಅಚ್ಚುಕೂಟ ಆಗ ಅವನದಾಗಿರಲಿಲ್ಲ. ಅದು ಮಳವಲಿಯಲ್ಲಿ ದಶಕಗಳ ಕಾಲ ನಡೆಯಿತು. ನಮ್ಮ ಮನೆಗಳ ಗೋಡೆಗಳ ಮೇಲಿರುವ ಪಟಗಳಲ್ಲಿ ಹೆಚ್ಚಿನವು ಅವನ ಮರಣಾನಂತರ ಅಲ್ಲಿಂದ ಬಂದವು. ನಮ್ಮ ಸರ್ಕಾರ ಪ್ರಾಚೀನ ವಸ್ತುಗಳ ಮತ್ತು ಕಲಾನಿಧಿಗಳ ಕಾಯಿದೆಯನ್ನು ಮಾಡಿದ್ದು 1972ರಲ್ಲಿ; ಅದರ ಅಡಿಯಲ್ಲಿ 1979ರಲ್ಲಿ ರವಿವರ್ಮನ ಕೃತಿಗಳು ದೇಶ ಬಿಟ್ಟು ಹೋಗಬಾರದ ಕಲಾನಿಧಿಗಳೆಂದು ಘೋಷಿತವಾದವು. ಕಾಯಿದೆ ಹುಟ್ಟಿದ ಅದೇ 1972ರಲ್ಲಿ ಅಚ್ಚುಕೂಟಕ್ಕೆ ಬೆಂಕಿ ಬಿದ್ದು, ಅಲ್ಲಿ ಕೂಡಿಟ್ಟಿದ್ದ ಅಚ್ಚುಗಳಲ್ಲಿ ಬಹುಭಾಗ ಸುಟ್ಟುಹೋಯಿತು.